ಝೆಲ್ಯಾಜ್ಕೋನ ಸಕಾರ

ಹತ್ತೊಂಬತ್ತು ವರ್ಷ ಲೈಪ್‌ಜಿಗ್‌ನಲ್ಲಿ ಜರ್ಮನ್ನರ ಹಲ್ಲು ನೋಡಿಕೊಂಡಿದ್ದು, ಕೊನೆಗೆ ತನ್ನೂರು ಯಾಂಬೋಲಿಗೆ ಮರಳಿದ ಡಾಕ್ಟರ್ ರಾದೊಸ್ತಿನಾ ಅಲ್ಲಿಂದ ತಂದದ್ದೆಲ್ಲ ಉಪಯೋಗಕ್ಕೆ ಬಂತು, ತಲೆಯೊಂದನ್ನು ಬಿಟ್ಟು. ತಲೆ ಅಂದರೆ ಬುದ್ಧಿಯಲ್ಲ, ಅದು ನೆಟ್ಟಗೇ ಇತ್ತು. ಕುತ್ತಿಗೆಯ ಮೇಲೆ ಕೂತು ಅಲ್ಲಾಡುವ ತಲೆಯ ಮಾತು ಇದು.

ಯಾಂಬೋಲಿನಲ್ಲಿ ಹೌದು ಅನ್ನುವವರು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾರೆ. ಇಲ್ಲ ಅನ್ನುವವರು ಗಲ್ಲ ಮೇಲೆತ್ತಿ 'ಚ್' ಅನ್ನುತ್ತಾರೆ. ಜರ್ಮನ್ನರದು ಪೂರಾ ಉಲ್ಟಾ. ಅಲ್ಲಿಗೆ ಹೋದ ಹೊಸದರಲ್ಲಿ, ನೋವಾಗುತ್ತಿದೆ ಎಂದು ಬಾಯಿ ತೆರೆದುಕೊಂಡೇ ಮೇಲೆ ಕೆಳಗೆ ತಲೆ ಹಾಕಿದವರ ಹಲ್ಲನ್ನು ಅವಳು ಕೊರೆಯುತ್ತಲೇ ಹೋಗಿ ಬೈಸಿಕೊಂಡಿದ್ದಳು. ಆಮೇಲೆ ಕನ್ನಡಿಯ ಮುಂದೆ ನಿಂತು, ಹಟ ಹಿಡಿದು ತಲೆಯನ್ನು ತಿದ್ದಿಕೊಂಡಳು. ಈಗ ಊರಿಗೆ ಬಂದ ಮೇಲೆ ಮತ್ತೊಮ್ಮೆ ತಿದ್ದಿಕೊಳ್ಳೋಣವೆಂದರೆ ತಲೆ ಕೇಳಲಿಲ್ಲ. ಬೇರೆಯವರ ತಲೆಯಾಟ ಅವಳಿಗೆ ಅರ್ಥವಾಗುತ್ತಿತ್ತು. ತನ್ನದು ಮಾತ್ರ, ಕೆಲಸದ ಗಡಿಬಿಡಿಯಲ್ಲಿದ್ದಾಗ, ಜರ್ಮನ್ ಆಗಿಬಿಡುತ್ತಿತ್ತು.

ಅವಳ ಸಹಾಯಕಿ ವೆಲಿಚ್ಕಾಗೆ ಇದು ಗೊತ್ತಿತ್ತು. ಅರವತ್ತು ದಾಟಿದ ವೆಲಿಚ್ಕಾ ಹಳೆಯ ಡಾಕ್ಟರ ಕಾಲದಿಂದ ಅದೇ ಕ್ಲಿನಿಕ್ಕಿನಲ್ಲಿದ್ದವಳು. ರಾದೊಸ್ತಿನಾ ಕ್ಲಿನಿಕ್ಕು ಕೊಂಡಾಗ ಕುರ್ಚಿಯ ಜೊತೆಗೆ ಬಂದವಳು ಅಂದರೂ ತಪ್ಪಿಲ್ಲ. ಹೊಸಬರು ಯಾರು ಬಂದರೂ ಎದೆಗೆ ಬಟ್ಟೆ ಕಟ್ಟುತ್ತ ಒಂದೇ ಪಾಠ ಹೇಳುತ್ತಿದ್ದಳು: "ನಮ್ಮ ಡಾಕ್ಟ್ರ ಕೈ ಬಂಗಾರ. ತಲೆ ಮಾತ್ರ ನೋಡ್ಬೇಡಿ, ಬಾಯಲ್ಲಿ ಏನ್ ಹೇಳ್ತಾರೋ ಅದನ್ನ ಕೇಳಿ."

ಮಾರ್ಚ್ ತಿಂಗಳ ಮೊದಲ ವಾರ, ಕೋಟಿನ ಮೇಲೆ, ಚಳಿಗಾಲ ಮುಗಿಯಿತೆಂದು ಆ ಕಡೆಯವರೆಲ್ಲ ಧರಿಸುವ ಕೆಂಪು ಬಿಳಿ ದಾರದ ಗೊಂಡೆ ಸಿಕ್ಕಿಸಿಕೊಂಡು ಝೆಲ್ಯಾಜ್ಕೋ ಬಂದ. ಅವನ ಮುಖ ನೋಡದವರಿಗೂ ಅವನ ದನಿ ಗೊತ್ತು. ಮೂವತ್ತೊಂದು ವರ್ಷದಿಂದ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುತ್ತಿದ್ದವನು ಅವನೇ. ಆ ಊರಿನ ಬಸ್ಸುಗಳು ಹೋಗುವ ಜಾಗಗಳೋ, ಸ್ಲಿವೆನ್, ಸ್ತಾರಾ ಝಾಗೊರಾ, ಸೊಜೊಪೊಲ್, ಸೋಫಿಯಾ. ಎಲ್ಲ ಸಕಾರದ ಸಂತೆ. ಅವನ ಸಕಾರವೋ, ಹೊಸ ಚಾಕುವಿನಲ್ಲಿ ಸೇಬು ಕೊಯ್ದ ಹಾಗೆ. ಆ ಕಡೆ ಹಿರಿಯ ಗಂಡಸರನ್ನು 'ಬಾಯ್' ಸೇರಿಸಿ ಕರೆಯುವುದು ವಾಡಿಕೆ. ಬಾಯ್ ಝೆಲ್ಯಾಜ್ಕೋನ ಬದುಕೆಲ್ಲ ಬಾಯಲ್ಲೇ ಇತ್ತು ಅನ್ನುವುದು ಕನ್ನಡದಲ್ಲಿ ಹೇಳುವ ನನಗೆ ಮಾತ್ರ ಸಿಕ್ಕಿದ ತಮಾಷೆ.

"ಇದು ಬೇರು ಶಮೇತ ಕಳಚಿಕೊಳ್ತಿದೆ, ಡಾಕ್ಟರಮ್ಮ," ಎಂದು ಮೇಲಿನ ಮುಂದಿನ ಹಲ್ಲನ್ನು ಬೆರಳಿಂದ ಅಲ್ಲಾಡಿಸಿ ತೋರಿಸಿದ. "ನೆನ್ನೆ ಶ್ಲಿವೆನ್ ಅಂದೆ. ಇಡೀ ನಿಲ್ದಾಣ ನಕ್ಕಿತು."

"ನೋಡೋಣ, ಕೂತ್ಕೊಳ್ಳಿ."

"ಶರಿ."

ವೆಲಿಚ್ಕಾ ಸುಮ್ಮನಿರುವವಳಲ್ಲ. "ಹೆಸರು ಕಬ್ಬಿಣದವನು ಅಂತ ಇಟ್ಕೊಂಡು ಟೈಟಾನಿಯಂ ಸಡಿಲ ಮಾಡ್ಕೊಂಡು ಬಂದಿದೀಯಲ್ಲೋ," ಅಂದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವನ ಮುಂದೆ ಅವಳಿಗೆ ಯಾವ ಮುಲಾಜೂ ಇರಲಿಲ್ಲ. ಹಾಗೆ ಅಂದವಳೇ ಪಕ್ಕದ ಕೋಣೆಗೆ ಉಪಕರಣ ಬೇಯಿಸಲು ಹೋದಳು. ಹಳಬನಾದ್ದರಿಂದ ತಲೆಯ ಪಾಠ ಹೇಳಲಿಲ್ಲ. ಹಳಬ ನಿಜ, ಆದರೆ ಹಳೆಯ ಡಾಕ್ಟರಿಗೆ ಹಳಬ.

ಆ ಹಲ್ಲು ಅವನದ್ದಲ್ಲ. ಆರು ವರ್ಷದ ಹಿಂದೆ ಬೇರೆ ಊರಿನಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದ. ದವಡೆಯ ಮೂಳೆಯೊಳಗೆ ಲೋಹದ ಬೇರು, ಅದರ ಮೇಲೆ ಹಲ್ಲಿನಂಥ ಕ್ಯಾಪು, ಎರಡನ್ನೂ ಹಿಡಿದಿಡುವುದಕ್ಕೆ ಅಕ್ಕಿಕಾಳಿಗಿಂತ ಚಿಕ್ಕ ಸ್ಕ್ರೂ. ರಾದೊಸ್ತಿನಾ ಎಕ್ಸ್‌ರೇ ತೆಗೆದು ನೋಡಿದಳು. ಬೇರು ಮೂಳೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಸಡಿಲಾಗಿದ್ದದ್ದು ಸ್ಕ್ರೂ ಮಾತ್ರ. ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಬರುತ್ತಿತ್ತು.

"ವಸಡು ಚೆನ್ನಾಗಿಲ್ಲ, ಬಾಯ್ ಝೆಲ್ಯಾಜ್ಕೋ. ಏನ್ ಕಚ್ತೀರಿ ಇದರಲ್ಲಿ?"

ಅವನು ಕೋಟಿನ ಜೇಬು ತಟ್ಟಿದ. ಸೂರ್ಯಕಾಂತಿ ಬೀಜ. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ನಿಮಿಷ, ಅಷ್ಟು ಹೊತ್ತು ಬೀಜ ಒಡೆಯುತ್ತ ಕೂರುವುದು, ಅದೂ ಆ ಒಂದೇ ಹಲ್ಲಿನ ಅಂಚಿನಲ್ಲಿ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ. ಈ ಪುಣ್ಯಾತ್ಮನಿಗೆ ಎರಡೂ ಇತ್ತು, ಅದೇ ತೊಂದರೆಯಾಗಿತ್ತು. ಸ್ವಂತ ಹಲ್ಲಾದರೆ ಹೆಚ್ಚು ಕಚ್ಚಿದಾಗ ಚುಳ್ ಅಂದು ಎಚ್ಚರಿಸುತ್ತದೆ. ಲೋಹದ ಬೇರಿಗೆ ನೋವೂ ಗೊತ್ತಿಲ್ಲ, ನಾಚಿಕೆಯೂ ಗೊತ್ತಿಲ್ಲ.

ಅವನ ಬಳಿ ಇಂಪ್ಲಾಂಟಿನ ಚೀಟಿ ಇತ್ತು. ಪರ್ಸಿನಲ್ಲಿ ಸಂತ ನಿಕೊಲಾಯನ ಚಿತ್ರದ ಬೆನ್ನಿಗೆ ಅಂಟಿಸಿಟ್ಟಿದ್ದ. ಆ ಚೀಟಿ ಇಲ್ಲದೆ ಬರುವವರೇ ಹೆಚ್ಚು. ಯಾವ ಕಂಪನಿಯದ್ದು ಅಂತ ಗೊತ್ತಾಗದಿದ್ದರೆ ಯಾವ ಕೀಲಿ ಹಾಕಿ ತಿರುಗಿಸುವುದು? ರಾದೊಸ್ತಿನಾ ಹಲ್ಲಿನ ಹಿಂಬದಿಯ ಸಣ್ಣ ಬಿರಡೆ ತೆಗೆದು, ಹಳೆಯ ಸ್ಕ್ರೂ ಬಿಚ್ಚಿದಳು. ಒಳಗಿದ್ದ ಕೊಳೆ ತೊಳೆದು, ಹೊಸ ಸ್ಕ್ರೂ ಹಾಕಿ, ಅಳತೆಯ ಕೀಲಿಯಿಂದ ಕಟ್ ಅನ್ನುವವರೆಗೆ ಬಿಗಿದಳು. ಹತ್ತು ನಿಮಿಷ ಕಾದು ಇನ್ನೊಮ್ಮೆ ಬಿಗಿದಳು. ರಂಧ್ರ ಮುಚ್ಚಿದಳು. ಅಷ್ಟರಲ್ಲಿ ಫೋನು ಬಂತು. ಯಾರದೋ ದವಡೆಯ ಅಚ್ಚು ದಾರಿಯಲ್ಲಿ ಒಡೆದಿದೆಯೆಂದು ಲ್ಯಾಬಿನವನು ಗೋಳಾಡುತ್ತಿದ್ದ. ಅವಳು ಮಾಸ್ಕು ತೆಗೆಯದೆ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೈಗವಸು ಕಳಚುತ್ತಿದ್ದಳು.

ಝೆಲ್ಯಾಜ್ಕೋ ಎದ್ದು ಕೂತು ಕೇಳಿದ: "ಡಾಕ್ಟರಮ್ಮ, ಇದನ್ನ ಕೊನೆಗೆ ಕೀಳಲೇಬೇಕಾ?"

ರಾದೊಸ್ತಿನಾ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು, "ಮೂರು ತಿಂಗಳು ಬಿಟ್ಟು ಬನ್ನಿ," ಅಂದಳು.

"ಸರಿ," ಅಂದ ಝೆಲ್ಯಾಜ್ಕೋ. ಸಕಾರ ಮರಳಿತ್ತು. ಹನ್ನೊಂದು ನಲವತ್ತರ ಬಸ್ಸು ಕೂಗಬೇಕಿತ್ತು, ವೆಲಿಚ್ಕಾ ಬ್ರಷ್ಷಿನ ಪಾಠ ಹೇಳುವುದಕ್ಕೆ ಹೊರಬರುವ ಮುಂಚೆಯೇ ಹೊರಟುಹೋದ.

ಜೂನಿನಲ್ಲಿ ಅವನು ಬರಲಿಲ್ಲ. ವೆಲಿಚ್ಕಾ ಫೋನು ಮಾಡಿದಾಗ, "ಸೀಸನ್ ಮುಗಿಸಿ ಬರ್ತೀನಿ," ಅಂದನಂತೆ. ಬೇಸಿಗೆಯಲ್ಲಿ ಸಮುದ್ರದ ಕಡೆ ಬಸ್ಸುಗಳು ಜಾಸ್ತಿ, ಇರಬಹುದು ಅಂದುಕೊಂಡು ರಾದೊಸ್ತಿನಾ ಮರೆತಳು. ಎಲ್ಹೊವೊದಿಂದ ಬರುವ ಅಮ್ಮನನ್ನು ಕರೆತರಲು ನಿಲ್ದಾಣಕ್ಕೆ ಹೋದಾಗಲೆಲ್ಲ ಅವನ ದನಿ ಕೇಳುತ್ತಿತ್ತು. ಸ್ಲಿವೆನ್ ಸ್ಲಿವೆನ್ನೇ ಆಗಿತ್ತು. ತಾನು ಬಿಗಿದ ಸ್ಕ್ರೂ ಊರಿಗೆಲ್ಲ ಕೇಳಿಸುತ್ತಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಸೆಪ್ಟೆಂಬರ್ ಕೊನೆಗೆ ಅವನು ಬಂದ. ಕೈಯಲ್ಲಿ ಅಕ್ಕ ಮಾಡಿಕೊಟ್ಟ ಬಾನಿತ್ಸದ ತಟ್ಟೆ, ಚೀಸು ತುಂಬಿದ ಬಿಸಿ ಪದರಗಳ ಮೇಲೆ ಬಟ್ಟೆ ಮುಚ್ಚಿತ್ತು. ಅದನ್ನು ವೆಲಿಚ್ಕಾಳ ಕೈಗಿಟ್ಟು, ತಾನೇ ಕುರ್ಚಿಯಲ್ಲಿ ಕೂತು, ತಾನೇ ಎದೆಯ ಬಟ್ಟೆ ಕಟ್ಟಿಕೊಂಡ.

"ಸೊಜೊಪೊಲ್ ಬಸ್ಸುಗಳು ಮುಗಿಯೋವರೆಗೆ ಎಳೆದೆ ಡಾಕ್ಟರಮ್ಮ. ಇನ್ನು ಕಿತ್ಬಿಡಿ."

"ಏನನ್ನ?"

"ಹಲ್ಲನ್ನ. ಅವತ್ತೇ ಹೇಳಿದ್ರಲ್ಲ."

"ನಾನಾ? ಕೀಳಬೇಕು ಅಂತ?"

"ಬಾಯಲ್ಲಿ ಹೇಳಲಿಲ್ಲ, ಪಾಪ, ಫೋನಲ್ಲಿದ್ರಿ. ಕೀಳಬೇಕಾ ಅಂದೆ. ಹೀಗಂದ್ರಿ." ಅವನು ತಲೆಯನ್ನು ಎಡಕ್ಕೆ, ಬಲಕ್ಕೆ ಆಡಿಸಿ ತೋರಿಸಿದ. "ಮೂರು ತಿಂಗಳು ಬಿಟ್ಟು ಬನ್ನಿ ಅಂತಲೂ ಅಂದ್ರಿ."

ವೆಲಿಚ್ಕಾಳ ಕೈಯಲ್ಲಿದ್ದ ತಟ್ಟೆ ಮೇಜಿಗೆ ಬಡಿಯಿತು.

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡದೇ ಹೋಗಿತ್ತು. ರಾದೊಸ್ತಿನಾಳ ಕಿವಿ ಬಿಸಿಯಾಯಿತು. ಅವನ ಬಾಯಿ ತೆರೆಸಿ ನೋಡಿದಳು. ಆರು ತಿಂಗಳಲ್ಲಿ ಆ ಹಲ್ಲಿನ ಸುತ್ತ ಪಾಚಿ ಗಾರೆಯಾಗಿ ಕಟ್ಟಿತ್ತು. ವಸಡನ್ನು ಒತ್ತಿದರೆ ಕೀವು. ಅಳತೆಯ ಕಡ್ಡಿ ಇಳಿಯಬಾರದಷ್ಟು ಆಳಕ್ಕೆ ಇಳಿಯಿತು.

"ಇಲ್ಲಿ ಬ್ರಷ್ ಹಾಕ್ತಿರಲಿಲ್ವಾ?"

"ಕೆಡವೋ ಮನೆಗೆ ಸುಣ್ಣ ಯಾಕೆ ಅಂತ ಬಿಟ್ಟೆ," ಅಂದ. "ಬೀಜಾನೂ ಧಾರಾಳವಾಗಿ ಒಡೆದೆ. ಹೋಗೋ ಹಲ್ಲು, ಹೋಗೋದರೊಳಗೆ ಚೂರು ಸುಖಪಡ್ಲಿ ಅಂತ."

ನೋವಾಗಲಿಲ್ಲವೇ ಎಂದು ಅವಳು ಕೇಳಲಿಲ್ಲ. ಆಗಿರುವುದಿಲ್ಲ ಎಂದು ಗೊತ್ತಿತ್ತು.

"ಕೆಲಸಾನೂ ಬಿಡ್ತೀನಿ ಅಂತ ಅರ್ಜಿ ಕೊಟ್ಟಿದೀನಿ. ಮುಂದಿನ ತಿಂಗಳ ಕೊನೇವರೆಗೆ. ಆಮೇಲೆ ಸೋಫಿಯಾದಲ್ಲಿ ಕೂತಿರೋ ಯಾವಳೋ ಹೆಂಗಸಿನ ರೆಕಾರ್ಡ್ ಹಾಕ್ತಾರಂತೆ. ರಿಟೈರಾಗೋಕೆ ಇನ್ನೂ ಎರಡು ವರ್ಷ ಇತ್ತು. ಹೋಗ್ಲಿ, ಶ್ಲಿವೆನ್ ಅಂತ ಕೂಗಿ ನಗೆಪಾಟಲಾಗೋದಕ್ಕಿಂತ ಗೌರವವಾಗಿ ಮನೇಲಿರೋದು ವಾಸಿ."

ಎಕ್ಸ್‌ರೇ ನೋಡಲು ರಾದೊಸ್ತಿನಾ ಒಳಕೋಣೆಗೆ ಹೋದಳು, ವೆಲಿಚ್ಕಾ ಹಿಂದೆಯೇ ಬಂದು ಬಾಗಿಲು ಮುಂದಕ್ಕೆ ದೂಡಿದಳು. ಪರದೆಯ ಮೇಲೆ ಲೋಹದ ಬೇರಿನ ತಿರುಪಿನ ಮೂರು ಸುತ್ತು ಮೂಳೆಯಿಂದ ಹೊರಗೆ ಬರಿಮೈಯಲ್ಲಿ ನಿಂತಿದ್ದವು. ಮಾರ್ಚಿನ ಚಿತ್ರದಲ್ಲಿ ಒಂದೂ ಇರಲಿಲ್ಲ.

"ಉಳಿಯುತ್ತಾ?" ಅಂದಳು ವೆಲಿಚ್ಕಾ.

"ಪ್ರಯತ್ನ ಮಾಡಬಹುದು. ಖಾತ್ರಿ ಇಲ್ಲ."

ವೆಲಿಚ್ಕಾ ದನಿ ತಗ್ಗಿಸಿದಳು. "ಅವನಿಗೇನೂ ಗೊತ್ತಿಲ್ಲ ಕಣಮ್ಮ. ಕಿತ್ತು ಕಳಿಸಿದ್ರೆ ಥ್ಯಾಂಕ್ಸ್ ಹೇಳಿ ಹೋಗ್ತಾನೆ. ಬಾನಿತ್ಸಾನೂ ಕೊಟ್ಟಾಗಿದೆ."

ಅದೇ ಯೋಚನೆ ರಾದೊಸ್ತಿನಾಳ ತಲೆಗೂ ಬಂದು ಹೋಗಿತ್ತು, ವೆಲಿಚ್ಕಾ ಬಾಯಿಬಿಡುವ ಮುಂಚೆಯೇ. ಅದಕ್ಕೇ ಅವಳಿಗೆ ಅಷ್ಟು ಅಸಹ್ಯವಾಯಿತು, ವೆಲಿಚ್ಕಾ ಮೇಲಲ್ಲ, ತನ್ನ ಮೇಲೆ. ಕೀಳುವುದು ಹತ್ತು ನಿಮಿಷದ ಕೆಲಸ. ಒಬ್ಬ ಮನುಷ್ಯ ತಾನು ಕೇಳಿದ್ದನ್ನೇ ಪಡೆದು ಹೋಗುತ್ತಾನೆ. ಯಾವ ಪುಸ್ತಕದಲ್ಲೂ ಅವಳ ತಲೆಯಾಟ ಬರೆದಿಟ್ಟಿರಲಿಲ್ಲ.

ಅವಳು ಹೊರಗೆ ಬಂದು ಮಾಸ್ಕು ತೆಗೆದು ಮೇಜಿನ ಮೇಲಿಟ್ಟಳು. ಅವನೆದುರು ಸ್ಟೂಲು ಎಳೆದುಕೊಂಡು ಕೂತಳು.

"ಬಾಯ್ ಝೆಲ್ಯಾಜ್ಕೋ, ಅವತ್ತು ನಾನು ಹೇಳಿದ್ದು ಬೇಡ ಅಂತ. ಹಲ್ಲು ಚೆನ್ನಾಗಿತ್ತು. ಕೀಳೋದು ಬೇಕಾಗಿರಲಿಲ್ಲ. ನನ್ನ ತಲೆ ಜರ್ಮನಿಯ ರೂಢೀಲಿ ಆಡ್ತು. ತಪ್ಪು ನಂದು. ಆ ತಪ್ಪಿನಿಂದ ನೀವು ಅದನ್ನ ನೋಡ್ಕೊಳ್ಳೋದು ಬಿಟ್ರಿ, ಈಗ ಅದು ನಿಜವಾಗ್ಲೂ ಕೆಟ್ಟಿದೆ."

ಅವನು ಎದೆಯ ಬಟ್ಟೆಯ ಅಂಚನ್ನು ಮಡಿಸಿದ, ಬಿಚ್ಚಿದ.

"ಆರು ತಿಂಗಳು," ಅಂದ ಕೊನೆಗೆ. "ಒಂದೊಂದು ಸಲ ಮೈಕ್ ಆನ್ ಮಾಡೋವಾಗ್ಲೂ ಇದೇ ಕೊನೇ ಬೇಸಿಗೆ ಅಂತ ಅಂದ್ಕೊಂಡೆ. ನೀವು ಅಲ್ಲಿ ಹೋಗಿ ಓದು ಕಲ್ತು ಬಂದ್ರಿ ಸರಿ, ಹೌದು ಇಲ್ಲ ಅನ್ನೋದನ್ನ ಅಲ್ಲೇ ಬಿಟ್ಟು ಬಂದ್ರಾ?"

"ಹೌದು," ಅಂದಳು ರಾದೊಸ್ತಿನಾ. ತಲೆಯನ್ನು ಅಲ್ಲಾಡಿಸದೆ ಅಂದಳು.

"ವೆಲಿಚ್ಕಾ, ನೀನಾದ್ರೂ ಹೇಳಬಾರದಿತ್ತಾ?"

"ನಾನು ಒಳಗೆ ಸಾಮಾನು ಬೇಯಿಸ್ತಿದ್ದೆ ಕಣೋ," ಅಂದಳು ವೆಲಿಚ್ಕಾ. ಅವಳ ಕಣ್ಣಲ್ಲಿ ನೀರಿತ್ತು. "ಬೈಯೋದಿದ್ರೆ ಬೈ. ಆದ್ರೆ ಎದ್ದು ಹೋಗ್ಬೇಡ."

ಅವನು ಎದ್ದು ಹೋಗಲಿಲ್ಲ. ಎದೆಗೆ ಬಟ್ಟೆ ಕಟ್ಟಿಕೊಂಡ ಮನುಷ್ಯ ಸಿಟ್ಟಿನಿಂದ ಎದ್ದು ಹೋಗುವುದು ಕಷ್ಟ, ಗಂಟು ಹಿಂದೆ ಇರುತ್ತದೆ. "ಉಳಿಸೋಕೆ ಆಗುತ್ತಾ, ಆಗಲ್ವಾ, ಬಾಯಲ್ಲಿ ಹೇಳಿ," ಅಂದ.

ಅವಳು ಬಾಯಲ್ಲಿ ಹೇಳಿದಳು. ವಸಡನ್ನು ಬಿಡಿಸಿ, ಒಳಗಿನ ಕೊಳೆತದ್ದನ್ನು ಕೆರೆದು, ಲೋಹದ ಒಂದೊಂದು ಸುತ್ತನ್ನೂ ಉಜ್ಜಿ ತೊಳೆದು, ಮೂಳೆ ಹೋದ ಕಡೆ ಮೂಳೆಪುಡಿ ತುಂಬಿ ಹೊಲಿಯಬೇಕು. ಎರಡು ತಿಂಗಳಿಗೂ ಮೇಲೆ ಕ್ಯಾಪು ಹಾಕುವಂತಿಲ್ಲ. ಅಲ್ಲಿಯವರೆಗೆ ಅಂಗುಳಿಗೆ ಅಂಟುವ ತೆಳು ತಟ್ಟೆಯ ಹಲ್ಲು ಕೊಡುತ್ತೇನೆ, ನೋಡಲು ಹಲ್ಲು ಇರುತ್ತದೆ, ಸಕಾರ ಇರುವುದಿಲ್ಲ. ಇಷ್ಟೆಲ್ಲ ಮಾಡಿಯೂ ಹತ್ತರಲ್ಲಿ ಆರೋ ಏಳೋ ನಿಲ್ಲುತ್ತವೆ, ಉಳಿದವು ನಿಲ್ಲುವುದಿಲ್ಲ.

"ಎರಡು ತಿಂಗಳು ಶ್ಲಿವೆನ್ ಅಂತ ಕೂಗಲಾ?"

"ಹೂಂ."

"ಅರ್ಜಿ ಕೊಟ್ಟಾಗಿದೆಯಲ್ಲ."

"ಅದನ್ನ ನನಗೆ ಬಿಡಿ," ಅಂದಳು.

ಅವತ್ತು ಸಂಜೆ ಅವಳು ನಿಲ್ದಾಣದ ಮ್ಯಾನೇಜರಿಗೆ ಕಾಗದ ಬರೆದು, ಮೊಹರು ಒತ್ತಿ, ತಾನೇ ಕೊಟ್ಟು ಬಂದಳು. ಮಾರ್ಚ್ ತಿಂಗಳಲ್ಲಿ ರೋಗಿ ಕೇಳಿದ ಪ್ರಶ್ನೆಗೆ ತಾನು ತಪ್ಪಾಗಿ ತಲೆಯಾಡಿಸಿದ್ದರಿಂದ ಅವರು ಹಲ್ಲು ಹೋಗುತ್ತದೆಂದು ನಂಬಿ ರಾಜೀನಾಮೆ ಕೊಟ್ಟಿದ್ದಾರೆ, ತಪ್ಪು ಸಂಪೂರ್ಣ ತನ್ನದು, ದಯವಿಟ್ಟು ಅರ್ಜಿಯನ್ನು ಹಿಂದಿರುಗಿಸಬೇಕು ಎಂದು ಬರೆದಿದ್ದಳು. ಮ್ಯಾನೇಜರು ಎರಡು ಸಲ ಓದಿ, ಮೂರನೇ ಸಲ ಟಿಕೆಟ್ ಕೊಡುವ ಹೆಂಗಸಿಗೆ ಗಟ್ಟಿಯಾಗಿ ಓದಿ ಹೇಳಿದ. ಟಿಕೆಟ್ ಕೊಡುವ ಹೆಂಗಸಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಕೂಗುವುದೂ ಒಂದೇ. ಅರ್ಜಿ ವಾಪಸ್ಸು ಬಂತು. ಡಾಕ್ಟರ ಮಾನ ಊರಿನ ಪಾಲಾಯಿತು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರುವವನು, ಒಂದು ಕಿಲೋ ಸಾಕಾ ಎಂದು ಕೇಳಿ, "ತಲೆ ಆಡಿಸ್ಬೇಡಿ ಡಾಕ್ಟ್ರೇ, ಲಾರಿ ತುಂಬಿಸಿಬಿಡ್ತೀನಿ," ಅಂದ. ರಾದೊಸ್ತಿನಾ ನಕ್ಕಳು. ಮನೆಗೆ ಬಂದು ಅತ್ತಳು. ಆದರೂ ಕಾಗದ ಕೊಟ್ಟದ್ದಕ್ಕೆ ಅವಳಿಗೆ ಪಶ್ಚಾತ್ತಾಪವಾಗಲಿಲ್ಲ.

ಶಸ್ತ್ರಕ್ರಿಯೆ ಎರಡು ಗಂಟೆ ಹಿಡಿಯಿತು. ಹೊಲಿಗೆ ಬಿಚ್ಚಿದ ಮೇಲೆ ವೆಲಿಚ್ಕಾ ಅವನನ್ನು ಕನ್ನಡಿಯ ಮುಂದೆ ಕೂರಿಸಿ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದೊಂದನ್ನು ಕೈಗೆ ಕೊಟ್ಟಳು. "ಬೆಳಗ್ಗೆ ಒಂದ್ಸಲ, ರಾತ್ರಿ ಒಂದ್ಸಲ, ಸುತ್ತ ಹೀಗೆ. ರಕ್ತ ಬಂದ್ರೆ ಹೆದರಿ ಬಿಡೋದಲ್ಲ, ನಮಗೆ ಹೇಳೋದು. ನೋವಿಲ್ಲ ಅಂದ್ರೆ ಚೆನ್ನಾಗಿದೆ ಅಂತಲ್ಲ. ಈ ಜೇಬಲ್ಲೇನಿದೆ, ತೆಗಿ."

ಅವನು ಬೀಜದ ಪೊಟ್ಟಣ ತೆಗೆದು ಅವಳ ಕೈಗೆ ಹಾಕಿದ. ಇನ್ನೊಂದು ಜೇಬಿನದ್ದನ್ನೂ ಅವಳೇ ತೆಗೆದುಕೊಂಡಳು.

ಅಕ್ಟೋಬರ್, ನವೆಂಬರ್ ಪೂರ್ತಿ ಯಾಂಬೋಲಿನಿಂದ ಬಸ್ಸುಗಳು ಶ್ಲಿವೆನ್‌ಗೂ ಶೋಫಿಯಾಗೂ ಹೋದವು. ಮೊದಲ ವಾರ ಕಾಲೇಜು ಹುಡುಗರು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಅಣಕಿಸಿದರು. ಝೆಲ್ಯಾಜ್ಕೋ ಒಂದು ಬಸ್ಸನ್ನೂ ಬಿಡದೆ, ಒಂದು ಹೆಸರನ್ನೂ ನುಂಗದೆ ಕೂಗಿದ. ಒಂದು ಗುರುವಾರ ಅಮ್ಮನ ಬಸ್ಸಿಗೆ ಕಾಯುತ್ತಿದ್ದ ರಾದೊಸ್ತಿನಾಗೆ "ಶ್ತಾರಾ ಝಾಗೊರಾ, ನಾಲ್ಕನೇ ಪ್ಲಾಟ್‌ಫಾರಂ" ಎಂದು ಕೇಳಿಸಿತು. ಆ ತೊದಲು ಅವಳು ಮಾಡಿದ್ದು. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಮಾತ್ರ, "ಪರವಾಗಿಲ್ಲ, ಹೊರಟೋದ ಅಂದಿದ್ರು, ಇದಾನೆ," ಅಂದು ನಾಲ್ಕನೇ ಪ್ಲಾಟ್‌ಫಾರಮ್ಮಿಗೆ ನಡೆದಳು.

ಡಿಸೆಂಬರಿನಲ್ಲಿ ಕ್ಯಾಪು ಮರಳಿ ಕೂತಿತು. ಆದರೆ ಕ್ಯಾಪು ಕೂರುವುದು ಬೇರೆ, ಬೇರು ನಿಲ್ಲುವುದು ಬೇರೆ. ನಿಂತಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಮಾರ್ಚಿನ ಎಕ್ಸ್‌ರೇ. ಆ ದಿನ ಅವನು ಮತ್ತೆ ಕೋಟಿಗೆ ಕೆಂಪು ಬಿಳಿ ಗೊಂಡೆ ಸಿಕ್ಕಿಸಿಕೊಂಡು ಬಂದ. ಕುರ್ಚಿಯಲ್ಲಿ ಕೂತ. ರಾದೊಸ್ತಿನಾ ಕಡ್ಡಿಯಿಂದ ಸುತ್ತಲೂ ಅಳೆದಳು. ರಕ್ತವಿಲ್ಲ. ವಸಡು ಚೂರು ಹಿಂದೆ ಸರಿದು, ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಬೂದು ಲೋಹ ಕಾಣುತ್ತಿತ್ತು, ಅದು ಇನ್ನು ಹೋಗುವಂಥದ್ದಲ್ಲ. ಅವಳು ಸೆಪ್ಟೆಂಬರಿನ ಚಿತ್ರವನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಮೂರು ಸುತ್ತಿನಲ್ಲಿ ಎರಡರ ಮೇಲೆ ಮೂಳೆ ಹತ್ತಿತ್ತು. ಮೂರನೆಯದು ಬರಿಮೈಯಲ್ಲೇ ಇತ್ತು, ಆದರೆ ಮುಂದಕ್ಕೆ ಕರಗಿರಲಿಲ್ಲ. ಅನುಮಾನ ಹೋಗಲೆಂದು ಮತ್ತೊಮ್ಮೆ ನೋಡಿದಳು.

"ಡಾಕ್ಟರಮ್ಮ," ಅಂದ ಝೆಲ್ಯಾಜ್ಕೋ. ಆ ಮೈಕಿನ ದನಿ ಎಲ್ಲಿ ಹೋಗಿತ್ತೋ, ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು. "ಇದನ್ನ ಕೀಳಬೇಕಾ?"

ರಾದೊಸ್ತಿನಾ ಬಾಯಿ ತೆರೆಯುವುದಕ್ಕೆ ಮುಂಚೆಯೇ, ಹತ್ತೊಂಬತ್ತು ವರ್ಷದ ರೂಢಿಯಲ್ಲಿ, ತಲೆ ಎಡಕ್ಕೆ ಹೊರಟಿತು. ಎಡಕ್ಕೆ ತಲುಪಲಿಲ್ಲ. ಹಿಂದಿನಿಂದ ವೆಲಿಚ್ಕಾಳ ಎರಡೂ ಕೈ ಬಂದು ಅದನ್ನು ಕೆನ್ನೆಗಳ ಎರಡೂ ಕಡೆಯಿಂದ ಹಿಡಿದು ನಿಲ್ಲಿಸಿದವು.

"ಈಗ ಹೇಳಮ್ಮ," ಅಂದಳು ವೆಲಿಚ್ಕಾ.

"ಬೇಡ," ಅಂದಳು ರಾದೊಸ್ತಿನಾ.

"ಇನ್ನೊಂದ್ಸಲ."

"ಕೀಳೋದು ಬೇಡ. ನಿಂತಿದೆ. ಮೂರು ತಿಂಗಳು ಬಿಟ್ಟು ಕ್ಲೀನ್ ಮಾಡಿಸ್ಕೊಳ್ಳೋಕೆ ಬನ್ನಿ."

ಝೆಲ್ಯಾಜ್ಕೋ ಎದ್ದು, ಕೈ ಹಿಂದಕ್ಕೆ ಹಾಕಿ ಬಟ್ಟೆಯ ಗಂಟು ಬಿಚ್ಚಿದ. ಎರಡು ಸಲ ಜಾರಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಹೊರಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಅಂದ:

"ಸರಿ."